ಕೈಚೆಲ್ಲಿದ ಪಾಸಿಗೆ ಏಕಾಗ್ರತೆಯ ಕೊರತೆಯೇ ಕಾರಣವೇ?

ಅಮೆರಿಕದ ಯಾವುದೇ ಹೈಸ್ಕೂಲ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಒಂದು ಸಂಜೆ ನಿಂತರೆ ಸಾಕು, ಒಂದೇ ಮಾತು ಹತ್ತಾರು ಸಲ ಕಿವಿಗೆ ಬೀಳುತ್ತದೆ. ಹುಡುಗ ಓಡುತ್ತಾನೆ, ಚೆಂಡು ಬರುತ್ತದೆ, ಎರಡೂ ಅಂಗೈಗೆ ತಾಗಿ ಹುಲ್ಲಿನ ಮೇಲೆ ಬೀಳುತ್ತದೆ. ‘ಗಮನ ಎಲ್ಲಿದೆ?’ ಎಂದು ಕೋಚ್ ಕೂಗುತ್ತಾರೆ. ಆಮೇಲೆ ಹತ್ತು ದಂಡ ಹೊಡೆಸುತ್ತಾರೆ, ಇಲ್ಲವೇ ಮೈದಾನದ ಸುತ್ತ ಒಂದು ಸುತ್ತು ಓಡಿಸುತ್ತಾರೆ. ಈ ಆಟ ನೋಡದವರಿಗೆ ಒಂದು ವಿವರಣೆ: ಕ್ವಾರ್ಟರ್‌ಬ್ಯಾಕ್ ಮುಂದಕ್ಕೆ ಎಸೆದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿಯಬೇಕಾದವನು ರಿಸೀವರ್. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಕೈಚೆಲ್ಲಿದ ಪ್ರತಿ ಪಾಸ್ ಅದರಲ್ಲಿ ಒಂದನ್ನು ನುಂಗಿಹಾಕುತ್ತದೆ. ಹಾಗಾಗಿ ಕೋಚ್‌ಗೆ ಸಿಟ್ಟು ಬರುವುದು ಸಹಜ. ನನ್ನ ತಕರಾರು ಆ ಸಿಟ್ಟಿನ ಬಗ್ಗೆ ಅಲ್ಲ, ಅದರ ಹಿಂದಿರುವ ರೋಗನಿರ್ಣಯದ ಬಗ್ಗೆ. ಆ ನಿರ್ಣಯ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ, ಮತ್ತು ಅದರ ಬೆಲೆ ತೆರುವವನು ಹದಿನಾಲ್ಕು ವರ್ಷದ ಒಬ್ಬ ಹುಡುಗ.

ಮೊದಲು ಆ ನಂಬಿಕೆಯನ್ನು ಅದರ ಗಟ್ಟಿ ರೂಪದಲ್ಲೇ ಇಡುತ್ತೇನೆ. ಚೆಂಡು ಎರಡೂ ಕೈಗೆ ತಾಗಿದೆ ಎಂದರೆ ಅದು ಹಿಡಿಯಬಹುದಾದ ಚೆಂಡು. ಇದೇ ಹುಡುಗ ಅಭ್ಯಾಸದಲ್ಲಿ ಇಂಥ ನೂರು ಚೆಂಡು ಹಿಡಿದಿದ್ದಾನೆ, ಅಂದಮೇಲೆ ಅವನಿಗೆ ಸಾಮರ್ಥ್ಯವಿದೆ. ಸಾಮರ್ಥ್ಯವಿದ್ದೂ ಹಿಡಿಯಲಿಲ್ಲವೆಂದರೆ ಆ ಹೊತ್ತಿಗೆ ಮನಸ್ಸು ಬೇರೆಲ್ಲೋ ಇತ್ತು. ಆದ್ದರಿಂದ ಮದ್ದು ಮೂರು: ಚೆಂಡು ಕೈಸೇರುವವರೆಗೂ ಅದನ್ನೇ ನೋಡು ಎಂಬ ಆದೇಶ, ಯಂತ್ರದಿಂದ ದಿನಕ್ಕೆ ನೂರಾರು ಪಾಸ್, ಬಿಟ್ಟದ್ದಕ್ಕೆ ಶಿಕ್ಷೆ. ಇಷ್ಟರ ಮೇಲೂ ಸರಿಹೋಗದವನಿಗೆ ‘ಕೈ ಚೆನ್ನಾಗಿಲ್ಲ, ಅದು ಹುಟ್ಟಿನಿಂದ ಬರಬೇಕು’ ಎಂಬ ತೀರ್ಪು. ಇದು ಮೂರ್ಖರ ವಾದವಲ್ಲ. ಚೆಂಡು ಕೈಗೆ ಬರುವ ಮೊದಲೇ ತಲೆ ತಿರುಗಿಸಿ ಓಡಲು ಹೊರಟವರನ್ನು ಎಲ್ಲರೂ ನೋಡಿದ್ದಾರೆ. ಬೈಸಿಕೊಂಡ ಮರುವಾರ ಚೆನ್ನಾಗಿ ಆಡಿದವರನ್ನೂ ನೋಡಿದ್ದಾರೆ. ಇಷ್ಟೆಲ್ಲ ಕಣ್ಣಾರೆ ಕಂಡದ್ದರಿಂದಲೇ ಈ ನಂಬಿಕೆ ಇಷ್ಟು ಕಾಲ ಉಳಿದಿದೆ.

ಆದರೆ ಆ ಮೂರು ವಾಕ್ಯಗಳ ತರ್ಕದಲ್ಲಿ ಒಂದು ದೊಡ್ಡ ತೂತಿದೆ. ಹುಡುಗನ ಏಕಾಗ್ರತೆ ತಪ್ಪಿತ್ತೆಂದು ಕೋಚ್‌ಗೆ ತಿಳಿದದ್ದು ಹೇಗೆ? ಚೆಂಡು ಬಿದ್ದದ್ದರಿಂದ. ಚೆಂಡು ಬಿದ್ದದ್ದೇಕೆ? ಏಕಾಗ್ರತೆ ತಪ್ಪಿದ್ದರಿಂದ. ಇದು ಕಾರಣ ಹೇಳಿದಂತಲ್ಲ, ಫಲಕ್ಕೇ ಇನ್ನೊಂದು ಹೆಸರಿಟ್ಟಂತೆ. ಚೆಂಡು ಬೀಳುವ ಮುನ್ನವೇ ಏಕಾಗ್ರತೆಯನ್ನು ಅಳೆಯುವ ಯಾವ ದಾರಿಯೂ ಕೋಚ್ ಬಳಿ ಇಲ್ಲದಿರುವಾಗ ಅವರ ವಿವರಣೆ ಎಂದಿಗೂ ಸುಳ್ಳಾಗಲಾರದು. ಎಂದಿಗೂ ಸುಳ್ಳಾಗಲಾರದ ವಿವರಣೆಯಿಂದ ಹುಡುಗ ಕಲಿಯಬಹುದಾದದ್ದೂ ಏನಿಲ್ಲ. 1999ರ ಜನವರಿ 3ರಂದು ಸ್ಯಾನ್ ಫ್ರಾನ್ಸಿಸ್ಕೋದ ರಿಸೀವರ್ ಟೆರೆಲ್ ಓವೆನ್ಸ್ ಗ್ರೀನ್ ಬೇ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಒಂದರ ಹಿಂದೊಂದು ಪಾಸ್ ಕೈಚೆಲ್ಲಿದರು. ಕೊನೆಗೆ ಪಂದ್ಯ ಮುಗಿಯಲು 3 ಸೆಕೆಂಡ್ ಉಳಿದಿರುವಾಗ, ಎದುರಾಳಿಗಳ ನಡುವೆ ಸಿಕ್ಕಿಕೊಂಡೂ, ಸ್ಟೀವ್ ಯಂಗ್ ಎಸೆದ 25 ಗಜದ ಪಾಸ್ ಹಿಡಿದು 30–27ರಿಂದ ಗೆಲ್ಲಿಸಿದರು. ಏಕಾಗ್ರತೆಯ ಸಿದ್ಧಾಂತದ ಪ್ರಕಾರ ಆ ಸಂಜೆಯ ಸುಲಭದ ಚೆಂಡುಗಳಿಗೆ ಅವರಲ್ಲಿ ಗಮನವಿರಲಿಲ್ಲ, ಅತ್ಯಂತ ಕಷ್ಟದ ಚೆಂಡಿಗೆ ಮಾತ್ರ ಇತ್ತು ಎನ್ನಬೇಕಾಗುತ್ತದೆ. ಹಾಗೂ ಇದ್ದಿರಬಹುದು. ಆದರೆ ಹಾಗೆ ಹೇಳಲು ನಮ್ಮ ಬಳಿ ಇರುವ ಪುರಾವೆ ಫಲಿತಾಂಶ ಒಂದೇ.

ಎರಡನೆಯ ತೊಡಕು ಎಣಿಕೆಯದು. ‘ಡ್ರಾಪ್’ ಎಂಬುದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಅಧಿಕೃತ ಅಂಕಿ ಅಲ್ಲ. ಯಾವುದು ಹಿಡಿಯಬಹುದಾದ ಚೆಂಡಾಗಿತ್ತು ಎಂಬುದನ್ನು ಎಣಿಸುವವರೇ ನಿರ್ಧರಿಸುತ್ತಾರೆ, ಸಂಸ್ಥೆಯಿಂದ ಸಂಸ್ಥೆಗೆ ಲೆಕ್ಕ ಬದಲಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು ಬರಿಯ ಆಕಸ್ಮಿಕದ ಲೆಕ್ಕ ಹಾಕಿ ನೋಡೋಣ. ಒಬ್ಬ ರಿಸೀವರ್ ಹಿಡಿಯಬಹುದಾದ ಪ್ರತಿ ನೂರು ಚೆಂಡಿನಲ್ಲಿ ಸರಾಸರಿ ಐದನ್ನು ಬಿಡುವವನು ಎಂದಿಟ್ಟುಕೊಳ್ಳಿ. ಅವನ ಕೌಶಲ ಕೂದಲೆಳೆಯಷ್ಟೂ ಬದಲಾಗದಿದ್ದರೂ, ನೂರು ಚೆಂಡಿನ ಒಂದು ಸೀಸನ್‌ನಲ್ಲಿ ಅವನು ಎರಡು ಅಥವಾ ಅದಕ್ಕಿಂತ ಕಡಿಮೆ ಬಿಡುವ ಸಂಭವ ಸುಮಾರು ಶೇ. 12, ಎಂಟು ಅಥವಾ ಅದಕ್ಕಿಂತ ಹೆಚ್ಚು ಬಿಡುವ ಸಂಭವ ಸುಮಾರು ಶೇ. 13. ಅಂದರೆ ನಾಲ್ಕರಲ್ಲಿ ಒಂದು ಸೀಸನ್‌ನಲ್ಲಿ ಅವನು ‘ಬಂಗಾರದ ಕೈ’ಯವನಾಗಿಯೋ ‘ಕಲ್ಲಿನ ಕೈ’ಯವನಾಗಿಯೋ ಕಾಣುತ್ತಾನೆ, ಏನೂ ಬದಲಾಗದೆ. ಹೈಸ್ಕೂಲ್ ಹುಡುಗನಿಗೆ ಇಡೀ ಸೀಸನ್‌ನಲ್ಲಿ ಬರುವುದು ಇದರ ಒಂದು ಪಾಲು ಚೆಂಡುಗಳು ಮಾತ್ರ. ಅಷ್ಟರಲ್ಲಿ ಬಿದ್ದ ಮೂರು ಚೆಂಡಿನಿಂದ ಅವನ ಮನೋಬಲವನ್ನು ಓದಲು ಹೊರಡುವುದು ಅನ್ಯಾಯ.

ಬೈದರೆ ಸರಿಹೋಗುತ್ತಾನೆ ಎಂಬ ಅನುಭವದ ಗುಟ್ಟೂ ಇಲ್ಲೇ ಇದೆ. ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಒಬ್ಬ ಹಿರಿಯ ತರಬೇತುದಾರ ಇದೇ ವಾದ ಮಂಡಿಸಿದ್ದರು: ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಗದರಿದರೆ ಸುಧಾರಿಸುತ್ತದೆ. ಕಾನೆಮನ್ ಅದರಲ್ಲಿ ಕಂಡದ್ದು ಸಂಖ್ಯಾಶಾಸ್ತ್ರದ ಹಳೆಯ ಸತ್ಯವನ್ನು. ಅತಿ ಕೆಟ್ಟ ಪ್ರದರ್ಶನದಲ್ಲಿ ದುರದೃಷ್ಟದ ಪಾಲೂ ಸೇರಿರುತ್ತದೆ, ಮುಂದಿನ ಸಲ ಅದು ಅಷ್ಟೇ ಪ್ರಮಾಣದಲ್ಲಿ ಮರುಕಳಿಸುವುದು ಅಪರೂಪ, ಹಾಗಾಗಿ ಯಾರೂ ಏನೂ ಮಾಡದಿದ್ದರೂ ಮುಂದಿನದು ಸರಾಸರಿಯ ಕಡೆಗೆ ಮರಳುತ್ತದೆ. ನಾಲ್ಕು ಪಾಸ್ ಬಿಟ್ಟ ಶುಕ್ರವಾರದ ಮರುವಾರ ಹುಡುಗ ಒಂದನ್ನಷ್ಟೇ ಬಿಡುತ್ತಾನೆ; ನಡುವೆ ಕೋಚ್ ಕೂಗಿದ್ದರು; ಕೂಗಿಗೆ ಶ್ರೇಯ ಸಲ್ಲುತ್ತದೆ. ಕೂಗದಿದ್ದರೆ ಏನಾಗುತ್ತಿತ್ತೆಂದು ನೋಡಿದವರು ಯಾರೂ ಇಲ್ಲ.

ಇನ್ನು ಕ್ಯಾಚ್‌ನ ಒಳಗೇ ಇಳಿಯೋಣ, ವಿಷಯ ದಟ್ಟವಾಗಿರುವುದು ಅಲ್ಲಿ. ಗಂಟೆಗೆ 80 ಕಿ.ಮೀ. ವೇಗದ ಪಾಸ್ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಹೊಸದಾಗಿ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಈಗಾಗಲೇ ಚಲಿಸುತ್ತಿರುವ ಕೈಯನ್ನು ಕೊಂಚ ತಿದ್ದಲು ಅದರ ಅರ್ಧದಷ್ಟಾದರೂ ಬೇಕು. ಅಷ್ಟರಲ್ಲಿ ಚೆಂಡು ಎರಡರಿಂದ ನಾಲ್ಕು ಮೀಟರ್ ದಾಟಿರುತ್ತದೆ. ಅಂದರೆ ಕೊನೆಯ ಎರಡು ಮೀಟರ್‌ನಲ್ಲಿ ಕಂಡದ್ದು ಆ ಕ್ಯಾಚ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಬೆರಳು ಮುಚ್ಚಬೇಕಾದ ಗಳಿಗೆ ಆ ಮೊದಲೇ ತೀರ್ಮಾನವಾಗಿರುತ್ತದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್‌ನ ಎಚ್.ಟಿ.ಎ. ವೈಟಿಂಗ್ ಮತ್ತು ಸಂಗಡಿಗರು, ಹಾರಾಟದ ಒಂದು ಭಾಗದಲ್ಲಷ್ಟೇ ಬೆಳಗುವ ಚೆಂಡನ್ನು ಕತ್ತಲಲ್ಲಿ ಹಿಡಿಸಿ ಪರೀಕ್ಷಿಸಿದರು. ಚೆಂಡನ್ನು ಸಾಕಷ್ಟು ಹೊತ್ತು ಕಂಡವರಿಗೆ ಕೊನೆಯ ತುಣುಕು ಕಾಣದಿದ್ದರೂ ಹಿಡಿಯಲು ಸಾಧ್ಯವಾಯಿತು. ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರ ಛಾಯಾಚಿತ್ರಗಳು ಇದಕ್ಕೆ ಇನ್ನೊಂದು ಸಾಕ್ಷಿ. 1,432 ಕ್ಯಾಚ್‌ಗಳೊಂದಿಗೆ ಅತಿ ಹೆಚ್ಚು ಕ್ಯಾಚ್ ಹಿಡಿದ ಜೆರ್ರಿ ರೈಸ್ ನಂತರದ ಸ್ಥಾನ ಪಡೆದ, ಕೈಚೆಲ್ಲುವುದು ಅಪರೂಪವೆಂದೇ ಹೆಸರಾದ ಈ ರಿಸೀವರ್ ಚೆಂಡು ಹಿಡಿಯುವ ಕ್ಷಣದ ಹಲವು ಚಿತ್ರಗಳಲ್ಲಿ ಕಣ್ಣು ಮುಚ್ಚಿರುತ್ತಾರೆ. ಅವರ ತಾತ ಷಿಕಾಗೋದಲ್ಲಿ ಕಣ್ಣಿನ ಪರೀಕ್ಷಕರಾಗಿದ್ದರು, ಮೊಮ್ಮಗನಿಗೆ ಬಾಲ್ಯದಿಂದಲೇ ದೃಷ್ಟಿಯ ವ್ಯಾಯಾಮ ಮಾಡಿಸಿದ್ದರು. ಫಿಟ್ಜ್‌ಜೆರಾಲ್ಡ್ ಕಡಿಮೆ ನೋಡಿದವರಲ್ಲ. ಬೇಗ ನೋಡಿ, ಬೇಗ ಅರಿತವರು.

ಇಲ್ಲಿ ಒಂದು ಆಕ್ಷೇಪ ಬಲವಾದದ್ದು: ಹಾಗಿದ್ದರೆ ‘ಕೈಸೇರುವವರೆಗೂ ನೋಡು’ ಎಂಬ ಸಲಹೆಯಿಂದ ಎಷ್ಟೋ ಹುಡುಗರು ಸುಧಾರಿಸುವುದೇಕೆ? ಸುಧಾರಿಸುವುದು ನಿಜ. ಆದರೆ ಕೆಲಸ ಮಾಡುವುದು ನೋಟವಲ್ಲ, ನೋಟದ ಜೊತೆ ಬರುವ ಕತ್ತು. ಚೆಂಡು ಸೇರುವ ಮೊದಲೇ ಓಟದ ದಿಕ್ಕಿಗೆ ತಲೆ ತಿರುಗಿಸಿದರೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದರೆ ಕೈಗಳು ಇದ್ದ ಜಾಗದಿಂದ ಒಂದೆರಡು ಅಂಗುಲ ಸರಿಯುತ್ತವೆ. ಬಾದಾಮಿಯ ಆಕಾರದ, ಸುಮಾರು 28 ಸೆಂ.ಮೀ. ಉದ್ದದ, ತಿರುಗುತ್ತ ಬರುವ ಚೆಂಡಿಗೆ ಅಷ್ಟು ವ್ಯತ್ಯಾಸವೇ ಸಾಕು. ಚೆಂಡನ್ನು ಕೈಯವರೆಗೂ ನೋಡಿದಾಗ ತಲೆ ನಿಲ್ಲುತ್ತದೆ, ಹೆಗಲು ನಿಲ್ಲುತ್ತದೆ. ಸಲಹೆ ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಕಾರಣ ತಪ್ಪಾದರೂ ಫಲ ಸಿಕ್ಕರೆ ಸಾಲದೇ ಎಂದರೆ, ಸಾಲದು. ತಲೆ ನಿಲ್ಲಿಸಿಯೂ ಚೆಂಡು ಬಿಡುವ ಹುಡುಗನಿಗೆ ಆಗ ಹೇಳಲು ಏನೂ ಉಳಿಯುವುದಿಲ್ಲ. ‘ಇನ್ನೂ ಸರಿಯಾಗಿ ನೋಡು’ ಎಂಬುದನ್ನೇ ಇನ್ನಷ್ಟು ಜೋರಾಗಿ ಹೇಳಬೇಕಾಗುತ್ತದೆ.

ಕ್ರಿಕೆಟ್ ನೋಡಿ ಬೆಳೆದ ಕನ್ನಡಿಗರಿಗೆ ಮುಂದಿನ ಮಾತು ಸುಲಭವಾಗಿ ಹೊಳೆಯುತ್ತದೆ. ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚ್‌ಗಳಲ್ಲಿ ಬಹುಪಾಲು ಸ್ಲಿಪ್‌ನಲ್ಲಿ ಹಿಡಿದವು. ಸ್ಲಿಪ್‌ನ ಕ್ಯಾಚ್ ಮತ್ತು ಬೌಂಡರಿ ಬಳಿ ಆಕಾಶದಿಂದ ಇಳಿಯುವ ಕ್ಯಾಚ್ ಎರಡನ್ನೂ ನಾವು ಒಂದೇ ಹೆಸರಿನಿಂದ ಕರೆದರೂ ಅವು ಬೇರೆ ಬೇರೆ ವಿದ್ಯೆಗಳೆಂದು ಗೊತ್ತು. ಒಂದರಲ್ಲಿ ಪಳಗಿದವನನ್ನು ನಾಯಕ ಇನ್ನೊಂದರ ಜಾಗದಲ್ಲಿ ಸುಮ್ಮನೆ ನಿಲ್ಲಿಸುವುದಿಲ್ಲ. ಫುಟ್‌ಬಾಲ್‌ನ ‘ಡ್ರಾಪ್’ ಕೂಡ ಹಾಗೆಯೇ ಒಂದು ಹೆಸರಿನಡಿ ಕೂಡಿಹಾಕಿದ ಹಲವು ಸೋಲುಗಳು. ನಾನು ಗುರುತಿಸಬಲ್ಲವು ಇವು:

1. ತಡವಾಗಿ ಕಂಡದ್ದು. ದಿಕ್ಕು ಬದಲಿಸಿ ತಲೆ ಎತ್ತುವಷ್ಟರಲ್ಲಿ ಚೆಂಡು ಅರ್ಧ ದಾರಿ ಬಂದಾಗಿದೆ. ಇದರ ಮೂಲ ಓಟದ ಹಾದಿ ಮತ್ತು ಹೊತ್ತಿನಲ್ಲಿದೆ, ಕೈಯಲ್ಲಲ್ಲ.

2. ಕೈಯ ಆಕಾರ ತಪ್ಪಿದ್ದು. ಎದೆಗಿಂತ ಮೇಲೆ ಬರುವ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ ಬರಬೇಕು, ಸೊಂಟಕ್ಕಿಂತ ಕೆಳಗಿನದಕ್ಕೂ ಹೆಗಲ ಮೇಲಿಂದ ಇಳಿಯುವುದಕ್ಕೂ ಕಿರುಬೆರಳುಗಳು. ಹೊಕ್ಕುಳ ಮಟ್ಟದ ಚೆಂಡು ಎರಡಕ್ಕೂ ಸಲ್ಲದೆ ನಡುವೆ ಸಿಕ್ಕಿಸುತ್ತದೆ. ಎಲ್ಲರೂ ‘ಸುಲಭ’ ಎನ್ನುವ ಚೆಂಡು ಅದೇ. ಅತಿ ಹೆಚ್ಚು ಅವಮಾನ ತರುವುದೂ ಅದೇ.

3. ಹಿಡಿತ ಸಾಲದ್ದು. 1970ರ ದಶಕದಲ್ಲಿ ಓಕ್ಲಂಡ್ ರೈಡರ್ಸ್‌ನ ಫ್ರೆಡ್ ಬಿಲೆಟ್ನಿಕಾಫ್ ಅವರಂಥವರು ಮೈಕೈಗೆ ‘ಸ್ಟಿಕಂ’ ಎಂಬ ಅಂಟು ಬಳಿದುಕೊಂಡು ಆಡುತ್ತಿದ್ದರು. ಲೀಗ್ 1981ರಲ್ಲಿ ಅದನ್ನು ನಿಷೇಧಿಸಿತು. ಕೈಚೆಲ್ಲುವುದೆಲ್ಲ ಮನಸ್ಸಿನ ದೋಷವಾಗಿದ್ದರೆ ಅಂಟಿನಿಂದ ಯಾರಿಗೂ ಪ್ರಯೋಜನವಾಗಬಾರದಿತ್ತು, ನಿಷೇಧದ ಅಗತ್ಯವೂ ಬರಬಾರದಿತ್ತು.

4. ಹಿಡಿಯುವ ಮೊದಲೇ ಓಡಿದ್ದು. ಮೇಲೆ ಹೇಳಿದ ತಲೆ ತಿರುಗಿಸುವ ತಪ್ಪು. ಗಮನದ ಲೋಪ ಎಂಬ ಹೆಸರು ಅರ್ಧವಾದರೂ ಸಲ್ಲುವುದು ಇದೊಂದಕ್ಕೇ. ಅದೂ ಗಮನವೇ ಇಲ್ಲದ ಸ್ಥಿತಿಯಲ್ಲ, ಗಮನ ಮುಂದಿನ ಕೆಲಸಕ್ಕೆ ಮೊದಲೇ ಹಾರಿದ ಸ್ಥಿತಿ.

5. ಹೊಡೆತದ ಭಯಕ್ಕೆ ಕೈ ಕುಗ್ಗಿದ್ದು. ಇದರ ಬಗ್ಗೆ ಮುಂದೆ ಪ್ರತ್ಯೇಕವಾಗಿಯೇ ಹೇಳಬೇಕು.

ಈ ಐದಕ್ಕೂ ಒಂದೇ ಔಷಧವಾಗಿ ಎರಡು ಚಕ್ರಗಳ ನಡುವಿನಿಂದ ಚೆಂಡು ಉಗುಳುವ ಯಂತ್ರವನ್ನು ಮುಂದಿಡುತ್ತಾರೆ. ಅದಕ್ಕೊಂದು ಜಾಗವಿದೆ: ಕೈಯ ಆಕಾರ, ಬೆರಳಿನ ಬಿಗಿ ರೂಢಿಯಾಗಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಯಂತ್ರಕ್ಕೆ ತೋಳಿಲ್ಲ. ರಿಸೀವರ್ ಚೆಂಡನ್ನು ಓದಲು ತೊಡಗುವುದು ಅದು ಗಾಳಿಗೆ ಬಂದ ಮೇಲಲ್ಲ, ಎಸೆಯುವವನ ಹೆಗಲು, ಮೊಣಕೈ, ಸೊಂಟ ಕಂಡಾಗಲೇ. ಕ್ರಿಕೆಟ್‌ನ ಬೌಲಿಂಗ್ ಯಂತ್ರದ ಮೇಲಿನ ಅಧ್ಯಯನಗಳು ಇದನ್ನೇ ತೋರಿಸಿದವು. ಬೌಲರ್ ಎದುರು ಆಡುವಾಗಿನ ಚಲನೆಯ ಹೊತ್ತು ಯಂತ್ರದ ಎದುರು ಬದಲಾಗಿಬಿಡುತ್ತದೆ. ಚೆಂಡಿನ ತಿರುಗುವಿಕೆಯೂ ಒಂದು ವಿಷಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಲಗೈಯ ಜೋ ಮೊಂಟಾನಾ ಹೋಗಿ ಎಡಗೈಯ ಸ್ಟೀವ್ ಯಂಗ್ ಬಂದಾಗ ಚೆಂಡು ತಿರುಗುವ ದಿಕ್ಕೇ ತಿರುವುಮುರುವಾಯಿತು, ರಿಸೀವರ್‌ಗಳು ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಒಂದೇ ವೇಗ, ಒಂದೇ ಎತ್ತರ, ಒಂದೇ ತಿರುಗುವಿಕೆಯ ಇನ್ನೂರು ಚೆಂಡುಗಳಿಂದ ಇದು ಬರದು. 1979ರಲ್ಲಿ ಷೀ ಮತ್ತು ಮಾರ್ಗನ್ ನಡೆಸಿದ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಒಂದೊಂದೇ ಚಲನೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರು. ಅವೇ ಚಲನೆಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ಆಗ ತಡವರಿಸಿದರೂ ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಯಂತ್ರದ ಎದುರು ಒಂದೂ ಬಿಡದ ಹುಡುಗ ಕೋಚ್‌ಗೆ ಸಂತೋಷ ಕೊಡುತ್ತಾನೆ. ಆದರೆ ಆ ಸಂತೋಷ ಕಲಿಕೆಯ ಅಳತೆಯಲ್ಲ. ದೊಡ್ಡ ಆಟಗಾರರೂ ಯಂತ್ರ ಬಳಸುತ್ತಾರಲ್ಲ ಎಂದರೆ, ಹೌದು. ಅವರು ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್ ಜೊತೆ ಸಾವಿರಾರು ಪಾಸ್ ಹಿಡಿದ ಮೇಲೆ ಹೆಚ್ಚುವರಿಯಾಗಿ ಬಳಸುತ್ತಾರೆ. ವಾರಕ್ಕೆ ನಾಲ್ಕು ಗಂಟೆಯ ಅಭ್ಯಾಸವಿರುವ ಶಾಲಾ ತಂಡದಲ್ಲಿ ಅದು ಹೆಚ್ಚುವರಿಯಲ್ಲ, ಇನ್ನೊಂದರ ಹೊತ್ತನ್ನು ಕಿತ್ತುಕೊಳ್ಳುವಂಥದು.

ಇನ್ನು ಭಯದ ಮಾತು. ಮೈದಾನದ ನಡುವೆ ಕೈ ಚಾಚಿದಾಗ ಪಕ್ಕೆಲುಬು ತೆರೆದುಕೊಳ್ಳುತ್ತದೆ, ಬರುತ್ತಿರುವ ಎದುರಾಳಿ ಕಾಣುವುದಿಲ್ಲ. 1978ರ ಆಗಸ್ಟ್ 12ರಂದು ಓಕ್ಲಂಡ್‌ನಲ್ಲಿ ರಿಸೀವರ್ ಡ್ಯಾರಿಲ್ ಸ್ಟಿಂಗ್ಲಿ ಹೀಗೆಯೇ ಒಂದು ಪಾಸ್‌ಗೆ ಕೈ ಚಾಚಿದಾಗ ಎದುರಾಳಿ ಜ್ಯಾಕ್ ಟೇಟಮ್ ಅವರ ಹೊಡೆತ ಬಿತ್ತು. ಅದು ಸೀಸನ್ ಆರಂಭಕ್ಕೂ ಮುಂಚಿನ ಪಂದ್ಯ. ಸ್ಟಿಂಗ್ಲಿ 2007ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲೇ ಇದ್ದರು. ರಕ್ಷಣೆಯಿಲ್ಲದ ಸ್ಥಿತಿಯ ರಿಸೀವರ್‌ನನ್ನು ಕಾಯುವ ನಿಯಮಗಳು ಈಗ ಬಿಗಿಯಾಗಿವೆ, ಆದರೂ ದೇಹಕ್ಕೆ ತನ್ನದೇ ಲೆಕ್ಕವಿದೆ. ಮೊಣಕೈಯನ್ನು ಪಕ್ಕೆಗೆ ಎಳೆದುಕೊಳ್ಳುವುದು ಹೇಡಿತನವಲ್ಲ, ಬದುಕುವ ಪ್ರತಿವರ್ತನೆ. ಅದನ್ನು ಪಳಗಿಸಬಹುದು: ಮೊದಲು ಮೆತ್ತನೆಯ ದಿಂಬಿನಿಂದ ತಟ್ಟಿ, ಆಮೇಲೆ ತುಸು ಜೋರಾಗಿ, ಯಾವ ಹೊಡೆತ ಬರುತ್ತದೆ, ಬಿದ್ದರೆ ಹೇಗೆ ಉರುಳಬೇಕು ಎಂದು ಕಲಿಸುತ್ತ. ಶಿಕ್ಷೆ ಇದಕ್ಕೆ ತದ್ವಿರುದ್ಧ. ಎದುರಾಳಿಯ ಭಯವಿದ್ದ ಹುಡುಗನಿಗೆ ಅದು ಕೋಚ್‌ನ ಭಯವನ್ನೂ ಕೊಡುತ್ತದೆ. ಜೊತೆಗೆ ಅವನ ಗಮನವನ್ನು ಚೆಂಡಿನಿಂದ ಕಿತ್ತು ಅವನ ಕೈಗಳ ಮೇಲೆಯೇ ಇಡುತ್ತದೆ. ತನ್ನ ಅಂಗಾಂಗದ ಚಲನೆಯ ಮೇಲೆ ಗಮನವಿಡುವವರು, ಆ ಚಲನೆಯಿಂದ ಹೊರಗೆ ಆಗುವ ಪರಿಣಾಮದ ಮೇಲೆ ಗಮನವಿಡುವವರಿಗಿಂತ ಹಿಂದುಳಿಯುತ್ತಾರೆಂದು ಸಂಶೋಧಕಿ ಗೇಬ್ರಿಯೆಲ್ ವುಲ್ಫ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ‘ಗಮನ ಕೊಡು’ ಎಂಬ ಕೂಗು ಎತ್ತ ಗಮನ ಕೊಡಬೇಕೆಂದು ಹೇಳುವುದೇ ಇಲ್ಲ. ಹೆದರಿದ ಹುಡುಗ ಕೊಡುವುದು ತನ್ನತ್ತಲೇ.

ಹುಟ್ಟುಗುಣದ ವಾದಕ್ಕೆ ಹೆಚ್ಚು ಹೊತ್ತು ಬೇಡ. ಕೈಯ ಅಳತೆ, ದೃಷ್ಟಿಯ ಸೂಕ್ಷ್ಮತೆ ಹುಟ್ಟಿನಿಂದ ಬರುತ್ತವೆ, ನಿಜ. ಆದರೆ ಜೆರ್ರಿ ರೈಸ್ ಕಥೆಯನ್ನು ಪೂರ್ತಿ ಹೇಳಬೇಕು. ಮಿಸಿಸಿಪ್ಪಿಯ ಇಟ್ಟಿಗೆ ಕೆಲಸದವರ ಮಗ, ಇಟ್ಟಿಗೆ ಹಿಡಿದು ಕೈ ಗಟ್ಟಿಯಾಯಿತು ಎಂಬ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ಆ ಗಟ್ಟಿ ಕೈಗಳೇ 1985ರ ಮೊದಲ ಸೀಸನ್‌ನಲ್ಲಿ ಪಾಸ್ ಮೇಲೆ ಪಾಸ್ ಬಿಟ್ಟು ತವರಿನ ಪ್ರೇಕ್ಷಕರಿಂದ ಛೀಮಾರಿ ಹಾಕಿಸಿಕೊಂಡವು. ಸ್ಯಾನ್ ಫ್ರಾನ್ಸಿಸ್ಕೋದ ಕೋಚ್ ಬಿಲ್ ವಾಲ್ಷ್ ಅವರ ಜಟಿಲ ಆಟದ ಯೋಜನೆ ಆಗ ರೈಸ್ ತಲೆಯಲ್ಲಿ ಇನ್ನೂ ಕುದುರಿರಲಿಲ್ಲ. ಆ ವರ್ಷ 49 ಕ್ಯಾಚ್, ಮರುವರ್ಷ 86 ಕ್ಯಾಚ್ ಮತ್ತು 1,570 ಗಜ, ನಿವೃತ್ತಿಯ ಹೊತ್ತಿಗೆ 1,549. ಒಂದು ವರ್ಷದಲ್ಲಿ ಕೈ ಬದಲಾಗಲಿಲ್ಲ. ತಾನು ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಹೊರೆ ಇಳಿಯಿತು ಎಂದು ನಾನು ಓದುತ್ತೇನೆ.

ಕೊನೆಯ ಆಕ್ಷೇಪ ಶಾಲೆಯ ಕೋಚ್‌ಗಳದು, ಅವರ ಬಗ್ಗೆ ನನಗೆ ಗೌರವವಿದೆ. ನಲವತ್ತು ಹುಡುಗರು, ಒಂದು ಗಂಟೆ, ಇಷ್ಟೆಲ್ಲ ವಿಂಗಡಿಸುವುದು ಯಾರಿಂದ ಆದೀತು? ಪ್ರಯೋಗಶಾಲೆ ಬೇಡ, ಒಂದು ನೋಟ್‌ಬುಕ್ ಮತ್ತು ನಿಧಾನಗತಿಯಲ್ಲಿ ಚಿತ್ರಿಸುವ ಫೋನ್ ಸಾಕು. ಬಿದ್ದ ಪ್ರತಿ ಚೆಂಡಿಗೆ ನಾಲ್ಕು ಪದ ಬರೆಯಿರಿ: ಚೆಂಡು ಯಾವ ಎತ್ತರಕ್ಕೆ ಬಂತು, ತಲೆ ಯಾವಾಗ ತಿರುಗಿತು, ಯಾವ ಬೆರಳುಗಳು ಹತ್ತಿರವಿದ್ದವು, ಎದುರಾಳಿ ಎಷ್ಟು ದೂರದಲ್ಲಿದ್ದ. ಮೂರು ವಾರದಲ್ಲಿ ಒಬ್ಬನ ಪುಟದಲ್ಲಿ ಹೊಕ್ಕುಳ ಮಟ್ಟದ ಚೆಂಡುಗಳೇ ಕಾಣುತ್ತವೆ, ಇನ್ನೊಬ್ಬನದರಲ್ಲಿ ಎಡ ಹೆಗಲ ಮೇಲಿನವು. ಕೆಲವರ ಪುಟದಲ್ಲಿ ಯಾವ ಮಾದರಿಯೂ ಕಾಣದು. ಅಂಥವರನ್ನು ಸುಮ್ಮನೆ ಆಡಲು ಬಿಡಬೇಕು, ಏಕೆಂದರೆ ಅಲ್ಲಿ ಬಹುಶಃ ತಿದ್ದಬೇಕಾದದ್ದು ಏನೂ ಇಲ್ಲ.

ಅಂಥ ನೋಟ್‌ಬುಕ್ ಇಟ್ಟವರು 1979ರ ಜನವರಿ 21ರಂದು ಮಯಾಮಿಯಲ್ಲಿ ಏನು ಬರೆದುಕೊಳ್ಳುತ್ತಿದ್ದರು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಮೂರನೇ ಕ್ವಾರ್ಟರ್, ಡಲ್ಲಾಸ್ 14, ಪಿಟ್ಸ್‌ಬರ್ಗ್ 21. ಹತ್ತು ಗಜದ ಗೆರೆಯಿಂದ ಡಲ್ಲಾಸ್‌ನ ರೋಜರ್ ಸ್ಟಾಬಾಕ್ ಎಸೆದ ಪಾಸ್, ಅಂಕ ಗಳಿಸುವ ಜಾಗವಾದ ಎಂಡ್‌ಝೋನ್‌ನಲ್ಲಿ ಒಂಟಿಯಾಗಿದ್ದ ಜ್ಯಾಕಿ ಸ್ಮಿತ್ ಅವರನ್ನು ತಲುಪಿ ಕೆಳಗೆ ಬಿತ್ತು. ಡಲ್ಲಾಸ್ 31–35ರಿಂದ ಸೋತಿತು. 480 ಕ್ಯಾಚ್ ಹಿಡಿದು 1994ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಸ್ಮಿತ್ ಅವರನ್ನು ಜನ ಇಂದಿಗೂ ಆ ಒಂದು ಚೆಂಡಿನಿಂದಲೇ ನೆನೆಯುತ್ತಾರೆ. ದೃಶ್ಯವನ್ನು ನಿಧಾನವಾಗಿ ನೋಡಿದರೆ ಅವರ ಕಣ್ಣು ಚೆಂಡಿನ ಮೇಲೇ ಇದೆ. ಸ್ಮಿತ್ ಒಂಟಿಯಾಗಿರುವುದನ್ನು ಕಂಡು ಸ್ಟಾಬಾಕ್ ಎಸೆತದ ವೇಗ ತಗ್ಗಿಸಿದ್ದರು, ಚೆಂಡು ತುಸು ಕೆಳಗೆ ಬಂತು. ಓಟವನ್ನು ತಡೆದು ಚೆಂಡಿಗಾಗಿ ಬಾಗಿದ ಸ್ಮಿತ್ ಅವರ ಕಾಲು ಹುಲ್ಲಿನ ಮೇಲೆ ಜಾರಿತು.